ನಡೆಯುವವರು ಉಳಿಸಿಕೊಂಡ ರೈಲುಮಾರ್ಗ: ಸೆಟ್ಲ್ ಸಂತೆಯೂರಿನಿಂದ ಒಂದು ದಿನದ ಕಾಲ್ನಡಿಗೆ

ಇಂಗ್ಲೆಂಡಿನ ಉತ್ತರ ಯಾರ್ಕ್‌ಷೈರ್‌ನಲ್ಲಿ, ರಿಬ್ಬಲ್ ನದಿಯ ದಂಡೆಯ ಮೇಲೆ ಸೆಟ್ಲ್ ಎಂಬ ಪುಟ್ಟ ಊರಿದೆ. 1249ರಲ್ಲಿ ಸಂತೆ ನಡೆಸಲು ಅರಸನಿಂದ ಸನ್ನದು ಪಡೆದ ಈ ಊರಿನ ಚೌಕದಲ್ಲಿ ಇಂದಿಗೂ ಪ್ರತಿ ಮಂಗಳವಾರ ಸಂತೆ ಸೇರುತ್ತದೆ. ಸಂತೆಗೆ ಬರುವವರ ಜೊತೆಗೆ ಇನ್ನೊಂದು ಬಗೆಯ ಜನರೂ ಇಲ್ಲಿಯ ರೈಲು ನಿಲ್ದಾಣದಲ್ಲಿ ಕಾಣಸಿಗುತ್ತಾರೆ. ಬೆನ್ನಿಗೊಂದು ಚೀಲ, ಕಾಲಿಗೆ ದಪ್ಪ ಅಟ್ಟೆಯ ಬೂಟು, ಕೈಯಲ್ಲೊಂದು ನಕಾಶೆ. ಸುತ್ತಲಿನ ಬೆಟ್ಟ ಕಣಿವೆಗಳಲ್ಲಿ ಹಗಲೆಲ್ಲ ನಡೆದು ಸಂಜೆಯ ರೈಲಿಗೆ ಮನೆ ಸೇರುವವರು ಅವರು.

ರೈಲಿನಲ್ಲಿ ಹೋಗಿ ಹಳ್ಳಿಗಾಡಿನಲ್ಲಿ ಒಂದು ದಿನ ನಡೆದು ಬರುವ ಹವ್ಯಾಸ ಬ್ರಿಟನ್ನಿನಲ್ಲಿ ಬಹಳ ಹಳೆಯದು. ಗಿರಣಿ ಪಟ್ಟಣಗಳ ಹೊಗೆಯಿಂದ ವಾರಕ್ಕೊಂದು ದಿನವಾದರೂ ತಪ್ಪಿಸಿಕೊಳ್ಳಲು ಬಯಸಿದ ಕಾರ್ಮಿಕರು ಅದನ್ನು ಬೆಳೆಸಿದರು. ಆದರೆ ಸೆಟ್ಲ್‌ನ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಇಲ್ಲಿ ರೈಲು ಮೊದಲು ನಡೆಯುವವರಿಗೆ ದಾರಿ ಮಾಡಿಕೊಟ್ಟಿತು; ಮುಂದೆ ರೈಲಿಗೇ ಕುತ್ತು ಬಂದಾಗ ಅದನ್ನು ಉಳಿಸಿಕೊಳ್ಳುವ ಹೋರಾಟದ ಮುಂಚೂಣಿಯಲ್ಲಿ ಈ ನಡೆಯುವ ಜನರೇ ನಿಂತರು.

ಕಾರಿನಲ್ಲಿ ಹೋಗಿ ನಡೆಯುವುದಕ್ಕೂ ರೈಲಿನಲ್ಲಿ ಹೋಗಿ ನಡೆಯುವುದಕ್ಕೂ ಮೂಲಭೂತ ವ್ಯತ್ಯಾಸವೊಂದಿದೆ. ಕಾರು ನಿಲ್ಲಿಸಿದವನು ಎಷ್ಟೇ ದೂರ ಹೋದರೂ ಕೊನೆಗೆ ಕಾರಿನ ಬಳಿಗೇ ಮರಳಬೇಕು. ಹಗ್ಗಕ್ಕೆ ಕಟ್ಟಿದ ದನದ ಹಾಗೆ ಅವನದು ಗೂಟದ ಸುತ್ತಲಿನ ತಿರುಗಾಟ. ರೈಲಿನವನಿಗೆ ಈ ಕಟ್ಟು ಇಲ್ಲ. ಒಂದು ನಿಲ್ದಾಣದಲ್ಲಿ ಇಳಿದು, ಬೆಟ್ಟ ಹತ್ತಿಳಿದು, ಇನ್ನೊಂದು ನಿಲ್ದಾಣದಲ್ಲಿ ರೈಲು ಹಿಡಿಯಬಹುದು. ಕಣಿವೆಯೊಂದನ್ನು ಅದರ ಉದ್ದಕ್ಕೂ ನೋಡುವುದು, ನದಿಯ ಜೊತೆಗೆ ಹರಿವಿನ ದಿಕ್ಕಿನಲ್ಲೇ ಸಾಗುವುದು ಇದರಿಂದ ಸಾಧ್ಯವಾಗುತ್ತದೆ. ಇದಕ್ಕೆ ಬೇಕಾದುದು ದೊಡ್ಡ ನಿಲ್ದಾಣಗಳಲ್ಲ. ನಾಲ್ಕಾರು ಮೈಲಿಗೊಂದರಂತೆ ಇರುವ, ಹತ್ತು ಜನ ಇಳಿದರೆ ಹೆಚ್ಚೆನ್ನುವಂಥ ಸಣ್ಣ ನಿಲ್ದಾಣಗಳು. ರೈಲ್ವೆಯ ಲೆಕ್ಕಪತ್ರದಲ್ಲಿ ಮೊದಲು ಕತ್ತರಿ ಬೀಳುವುದೂ ಇವುಗಳಿಗೇ ಎಂಬುದು ಬೇರೆ ಮಾತು.

ಸೆಟ್ಲ್ ಇರುವುದು ಲೀಡ್ಸ್ ನಗರದಿಂದ ಸ್ಕಾಟ್ಲೆಂಡ್ ಗಡಿಯ ಸಮೀಪದ ಕಾರ್ಲೈಲ್‌ಗೆ ಹೋಗುವ ಮಾರ್ಗದಲ್ಲಿ. ಲೀಡ್ಸ್‌ನಿಂದ ಇಲ್ಲಿಗೆ ಸುಮಾರು ಒಂದು ಗಂಟೆಯ ಪ್ರಯಾಣ. ಸೆಟ್ಲ್ ದಾಟಿದ ಕೂಡಲೇ ರೈಲು ಏರು ಹತ್ತತೊಡಗುತ್ತದೆ. ನೂರು ಅಡಿಗೆ ಒಂದು ಅಡಿಯಂತೆ ಇಪ್ಪತ್ತು ಕಿಲೋಮೀಟರಿಗೂ ಮಿಕ್ಕಿ ಸಾಗುವ ಈ ಏರನ್ನು ಉಗಿಬಂಡಿಯ ಕಾಲದ ಚಾಲಕರು ‘ಲಾಂಗ್ ಡ್ರ್ಯಾಗ್’ ಎಂದು ಕರೆದರು. ದಣಿದ ಎತ್ತು ಭಾರದ ಗಾಡಿ ಎಳೆಯುವಂಥ ಏರು ಎಂದು ಅರ್ಥಮಾಡಿಕೊಂಡರೆ ಸಾಕು. ಈ ಏರಿನಲ್ಲಿ ಮೊದಲು ಹಾರ್ಟನ್, ಆಮೇಲೆ ರಿಬ್ಬಲ್‌ಹೆಡ್, ಉದ್ದನೆಯ ಸುರಂಗ ದಾಟಿದ ಮೇಲೆ ಡೆಂಟ್, ಅದರಾಚೆ ಗಾರ್ಸ್‌ಡೇಲ್ ನಿಲ್ದಾಣಗಳು ಸಿಗುತ್ತವೆ. ಸೆಟ್ಲ್‌ನಿಂದ ಹಾರ್ಟನ್‌ಗೆ ಹತ್ತು ನಿಮಿಷವೂ ಬೇಡ. ಡೆಂಟ್‌ಗೆ ಹೆಚ್ಚೆಂದರೆ ಅರ್ಧ ಗಂಟೆ. ಇದಿಷ್ಟೂ ಯಾರ್ಕ್‌ಷೈರ್ ಡೇಲ್ಸ್ ರಾಷ್ಟ್ರೀಯ ಉದ್ಯಾನದ ಸೀಮೆ. 1954ರಲ್ಲಿ ಸ್ಥಾಪನೆಯಾದ ಈ ಉದ್ಯಾನವನ್ನು ಭಾರತದ ಅಭಯಾರಣ್ಯಗಳಂತೆ ಕಲ್ಪಿಸಿಕೊಳ್ಳಬಾರದು. ಇಲ್ಲಿ ಹಳ್ಳಿಗಳಿವೆ, ಕುರಿ ಸಾಕುವ ರೈತರಿದ್ದಾರೆ, ಕಲ್ಲುಗಣಿಗಳೂ ಇವೆ.

ಹೊಸಬರಿಗೆ ತಕ್ಕ ನಡಿಗೆಯೆಂದರೆ ಹಾರ್ಟನ್‌ನಿಂದ ಸೆಟ್ಲ್‌ಗೆ ರಿಬ್ಬಲ್ ನದಿಯ ಜೊತೆಗೆ ಇಳಿಯುವುದು. ಬೆಳಿಗ್ಗೆ ಸೆಟ್ಲ್‌ನಲ್ಲಿ ರೈಲು ಹತ್ತಿ ಹಾರ್ಟನ್‌ನಲ್ಲಿ ಇಳಿದರೆ, ಮರಳಿ ಸೆಟ್ಲ್ ತಲುಪಲು ಹತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ಬಂದ ಊರಿಗೇ ನಡೆದು ಮರಳುವುದರಿಂದ ಸಂಜೆಯ ರೈಲು ತಪ್ಪೀತೆಂಬ ಅವಸರವಿಲ್ಲ. ನಡುದಾರಿಯಲ್ಲಿ ಸ್ಟೇನ್‌ಫೋರ್ತ್ ಎಂಬ ಹಳ್ಳಿ. ಅಲ್ಲಿ 17ನೇ ಶತಮಾನದ ಒಂಟಿ ಕಮಾನಿನ ಕಲ್ಲುಸೇತುವೆಯೊಂದು ನದಿಯನ್ನು ದಾಟುತ್ತದೆ. ಗಾಡಿ ರಸ್ತೆಗಳಿಲ್ಲದ ಕಾಲದಲ್ಲಿ ಹೇರು ಹೊತ್ತ ಕುದುರೆಗಳ ಸಾಲು ಹಾಯಲೆಂದು ಕಟ್ಟಿದ್ದು. ಇಂದಿಗೂ ಒಂದು ವಾಹನ ಹೋಗುವಷ್ಟೇ ಅಗಲ. ಸೇತುವೆಯಿಂದ ತುಸು ಕೆಳಗೆ ನದಿ ಬಂಡೆಗಳ ಮೆಟ್ಟಿಲುಗಳ ಮೇಲಿಂದ ಧುಮುಕುತ್ತದೆ. ಶರತ್ಕಾಲದಲ್ಲಿ, ಮಳೆಗೆ ನದಿ ತುಂಬಿದಾಗ, ಕಡಲಿನಿಂದ ಮೇಲೇರಿ ಬರುವ ಸಾಲ್ಮನ್ ಮೀನುಗಳು ಈ ಜಲಪಾತವನ್ನು ನೆಗೆದು ದಾಟಲು ಹೆಣಗುವುದನ್ನು ನೋಡಲು ದಂಡೆಯಲ್ಲಿ ಜನ ಕಾದು ನಿಂತಿರುತ್ತಾರೆ.

ಇನ್ನೂ ಕೆಳಗೆ ಲ್ಯಾಂಗ್‌ಕ್ಲಿಫ್ ಬಳಿ, ದಾರಿಯಿಂದ ಸ್ವಲ್ಪ ಪಕ್ಕಕ್ಕೆ ಸರಿದರೆ, 1873ರಲ್ಲಿ ಕಟ್ಟಿದ ದೈತ್ಯ ಸುಣ್ಣದ ಗೂಡು ಕಾಣುತ್ತದೆ. ಹಾಫ್‌ಮನ್ ಮಾದರಿಯದೆಂದು ಹೆಸರಾದ ಈ ಗೂಡಿನಲ್ಲಿ 22 ಕೋಣೆಗಳು ಉಂಗುರದಂತೆ ಒಂದಕ್ಕೊಂದು ಕೂಡಿಕೊಂಡಿವೆ. ಬೆಂಕಿ ಒಂದು ಕೋಣೆಯಿಂದ ಮತ್ತೊಂದಕ್ಕೆ ನಿಧಾನವಾಗಿ ಸುತ್ತು ಬರುತ್ತಿತ್ತು. ಮುಂದಿನ ಕೋಣೆಗಳಲ್ಲಿ ಹಸಿ ಕಲ್ಲು ತುಂಬುತ್ತ, ಹಿಂದಿನವುಗಳಿಂದ ಬೆಂದ ಸುಣ್ಣ ತೆಗೆಯುತ್ತ, ಗೂಡನ್ನು ಆರಿಸದೆಯೇ ಕೆಲಸ ಸಾಗುತ್ತಿತ್ತು. ಪಕ್ಕದಲ್ಲೇ ರೈಲು ಹಳಿ. ಈ ಸೀಮೆಗೆ ರೈಲು ಬಂದದ್ದರಲ್ಲಿ ಸುಣ್ಣಕಲ್ಲಿನ ವ್ಯಾಪಾರಕ್ಕೆ ಎಷ್ಟು ಲಾಭವಾಯಿತೆಂಬುದನ್ನು ಈ ಪಾಳುಗೂಡು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ.

ಸುಣ್ಣಕಲ್ಲೇ ಈ ನಾಡಿನ ಮೈಕಟ್ಟನ್ನು ನಿರ್ಧರಿಸಿದೆ. ಮಳೆನೀರು ಕಲ್ಲನ್ನು ಕರಗಿಸಿ ಬಿರುಕುಗಳ ಮೂಲಕ ನೆಲದೊಳಕ್ಕೆ ಇಳಿದುಬಿಡುವುದರಿಂದ ಹೊಳೆಗಳು ಇದ್ದಕ್ಕಿದ್ದಂತೆ ಮಾಯವಾಗಿ ಇನ್ನೆಲ್ಲೋ ತಲೆಯೆತ್ತುತ್ತವೆ. ಬೆಟ್ಟದ ಒಡಲೆಲ್ಲ ಗವಿಗಳು. ಸೆಟ್ಲ್ ಊರಿನ ಮೇಲಿನ ಬಂಡೆಸಾಲಿನಲ್ಲಿ 1830ರ ದಶಕದಲ್ಲಿ ಆಕಸ್ಮಿಕವಾಗಿ ಕಣ್ಣಿಗೆ ಬಿದ್ದ, ಆಗಷ್ಟೇ ಪಟ್ಟಕ್ಕೆ ಬಂದಿದ್ದ ರಾಣಿಯ ನೆನಪಿಗೆ ವಿಕ್ಟೋರಿಯಾ ಎಂದು ಹೆಸರಿಟ್ಟ ಗವಿಯಲ್ಲಿ ನೀರಾನೆ, ಖಡ್ಗಮೃಗ, ಆನೆ ಮತ್ತು ಕತ್ತೆಕಿರುಬಗಳ ಎಲುಬುಗಳು ದೊರೆತವು. ಸುಮಾರು 1,30,000 ವರ್ಷಗಳ ಹಿಂದೆ, ಎರಡು ಹಿಮಯುಗಗಳ ನಡುವಿನ ಬೆಚ್ಚಗಿನ ಕಾಲದಲ್ಲಿ, ಇಂದು ಕುರಿ ಮೇಯುವ ಈ ಬೆಟ್ಟಗಳಲ್ಲಿ ಆ ಪ್ರಾಣಿಗಳು ಓಡಾಡಿಕೊಂಡಿದ್ದವು. ಗವಿಯವರೆಗಿನ ನಡಿಗೆಗೆ ಸೆಟ್ಲ್ ನಿಲ್ದಾಣದಿಂದ ನೇರವಾಗಿ ಹೊರಟರಾಯಿತು; ಅರ್ಧ ದಿನ ಸಾಕು. ಬಂಡೆ ಉದುರುವ ಭಯವಿರುವುದರಿಂದ ಗವಿಯನ್ನು ಹೊರಗಿನಿಂದಲೇ ನೋಡಿ ಬರುವುದು ವಿವೇಕ.

ಕಾಲಿನಲ್ಲಿ ಕಸುವಿರುವವರಿಗೆ ಬೆಟ್ಟಗಳಿವೆ. ಹಾರ್ಟನ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ 694 ಮೀಟರ್ ಎತ್ತರದ ಪೆನಿಗೆಂಟ್, ಮಲಗಿದ ಸಿಂಹದ ಹಾಗೆ. ಇನ್ನೆರಡು ಬೆಟ್ಟಗಳಾದ ವರ್ನ್‌ಸೈಡ್ ಮತ್ತು ಇಂಗಲ್‌ಬರೊ ಸೇರಿ ‘ಮೂರು ಶಿಖರ’ಗಳೆಂದು ಪ್ರಸಿದ್ಧಿ. ಮೂರನ್ನೂ 12 ಗಂಟೆಯೊಳಗೆ ಹತ್ತಿಳಿದು ಸುಮಾರು 39 ಕಿಲೋಮೀಟರ್ ಮುಗಿಸುವ ಪಂದ್ಯಕ್ಕೆ ಬೇಸಿಗೆಯ ವಾರಾಂತ್ಯಗಳಲ್ಲಿ ಜನ ಮುಗಿಬೀಳುತ್ತಾರೆ. ಅದು ನಡಿಗೆಗಿಂತ ಹೆಚ್ಚಾಗಿ ಗಡಿಯಾರದೊಂದಿಗಿನ ಜಗಳ. ನೆಮ್ಮದಿ ಬಯಸುವವರು ರಿಬ್ಬಲ್‌ಹೆಡ್‌ನಲ್ಲಿ ಇಳಿದು, ಇಂಗಲ್‌ಬರೊ ಒಂದನ್ನೇ ಏರಿ, ಆಚೆ ಬದಿಗೆ ಹಾರ್ಟನ್‌ಗೆ ಇಳಿಯಬಹುದು. ಸುಮಾರು 16 ಕಿಲೋಮೀಟರಿನ ಈ ದಾರಿ ಕಾರಿನವನಿಗೆ ದಕ್ಕದು. ಇಳಿಯುವಾಗ ಸಿಗುವ ಸುಣ್ಣಕಲ್ಲಿನ ಹಾಸು, ಯಾರೋ ಚಪ್ಪಡಿ ಜೋಡಿಸಿ ಸಂದು ಬಿಟ್ಟಂತೆ ಕಾಣುವ ಬೋಳು ಬಂಡೆಯ ಬಯಲು, ಆ ದಾರಿಯ ನಿಜವಾದ ಬಹುಮಾನ.

ರಿಬ್ಬಲ್‌ಹೆಡ್‌ನಲ್ಲಿ ಇಳಿದವರು ಮೊದಲು ತಿರುಗಿ ನೋಡುವುದು ಅಲ್ಲಿನ ರೈಲು ಸೇತುವೆಯನ್ನು. ಗಾಳಿ ಬೀಸುವ ಜೌಗು ಬಯಲಿನ ಮೇಲೆ 24 ಕಮಾನುಗಳು, 400 ಮೀಟರ್ ಉದ್ದ, 32 ಮೀಟರ್ ಎತ್ತರ. ಮಿಡ್‌ಲ್ಯಾಂಡ್ ರೈಲ್ವೆ ಕಂಪನಿ ಸ್ಕಾಟ್ಲೆಂಡಿಗೆ ಹೋಗಲು ತನ್ನದೇ ದಾರಿ ಬೇಕೆಂದು ಈ ಮಾರ್ಗಕ್ಕೆ ಅನುಮತಿ ಪಡೆದಿತ್ತು. ಎದುರಾಳಿ ಕಂಪನಿಯೊಂದಿಗೆ ರಾಜಿಯಾದ ಮೇಲೆ, 1869ರಲ್ಲಿ, ಯೋಜನೆ ಕೈಬಿಡುತ್ತೇವೆಂದು ಪಾರ್ಲಿಮೆಂಟಿನ ಮುಂದೆ ಹೋದಾಗ ಪಾರ್ಲಿಮೆಂಟು ಒಪ್ಪಲಿಲ್ಲ. ಹೀಗೆ ಕಟ್ಟುವವರಿಗೇ ಬೇಡವಾಗಿದ್ದ ಮಾರ್ಗ ಹುಟ್ಟಿತು. ಸಾವಿರಾರು ಕೂಲಿಕಾರರು ಹೆಂಡಿರು ಮಕ್ಕಳೊಂದಿಗೆ ಈ ಬಯಲಿನ ಗುಡಿಸಲುಗಳಲ್ಲಿ ವರ್ಷಗಟ್ಟಲೆ ಬದುಕಿದರು. ಗುಡಿಸಲು ಕೇರಿಗಳಿಗೆ ಸೆಬಾಸ್ಟೊಪೋಲ್, ಜೆರಿಕೊ ಎಂಬ ಹೆಸರುಗಳು. ಬ್ಲೀ ಮೂರ್ ಬೆಟ್ಟದಡಿ 2.4 ಕಿಲೋಮೀಟರ್ ಸುರಂಗ ಕೊರೆಯುವಾಗಿನ ಅಪಘಾತಗಳಿಗೆ ಸಿಡುಬೂ ಜೊತೆಗೂಡಿತು. ಸಮೀಪದ ಚಾಪೆಲ್-ಲಿ-ಡೇಲ್ ಎಂಬ ಹಳ್ಳಿಯ ಪುಟ್ಟ ಇಗರ್ಜಿಯ ಅಂಗಳದಲ್ಲಿ ಹೀಗೆ ಸತ್ತ ಇನ್ನೂರಕ್ಕೂ ಹೆಚ್ಚು ಜನರನ್ನು ಹೂಳಲಾಗಿದೆ. ಹೂಳಲು ಜಾಗ ಸಾಲದೆ ಅಂಗಳವನ್ನೇ ವಿಸ್ತರಿಸಬೇಕಾಯಿತು. 1876ರ ಮೇ 1ರಂದು ಪ್ರಯಾಣಿಕರ ರೈಲು ಓಡಿತು. ಗುಡಿಸಲುಗಳಿದ್ದ ಜಾಗದಲ್ಲಿ ಇಂದು ಹುಲ್ಲಿನಡಿ ಉಳಿದ ದಿಬ್ಬ ತಗ್ಗುಗಳನ್ನು ಮಾತ್ರ ಗುರುತಿಸಬಹುದು.

ಮುಂದಿನ ನಿಲ್ದಾಣವಾದ ಡೆಂಟ್ ಸಮುದ್ರಮಟ್ಟದಿಂದ 350 ಮೀಟರ್ ಎತ್ತರದಲ್ಲಿದೆ. ಇಂಗ್ಲೆಂಡಿನ ಮುಖ್ಯ ರೈಲುಮಾರ್ಗಗಳಲ್ಲಿ ಇದಕ್ಕಿಂತ ಎತ್ತರದ ನಿಲ್ದಾಣ ಇನ್ನೊಂದಿಲ್ಲ. ಡೆಂಟ್ ಊರಿರುವುದು ಮಾತ್ರ ಏಳು ಕಿಲೋಮೀಟರ್ ದೂರದ ಕಣಿವೆಯ ತಳದಲ್ಲಿ. ನಿಲ್ದಾಣವನ್ನು ಊರಿಗೆ ಇಷ್ಟು ದೂರ ಯಾಕೆ ಕಟ್ಟಿದರೆಂದು ಕೇಳಿದರೆ, ಹಳಿಗೆ ಹತ್ತಿರವಿರಲಿ ಎಂದಿರಬೇಕು ಎಂಬುದು ಆ ಕಡೆಯ ಹಳೆಯ ನಗೆಮಾತು. ಕಲ್ಲು ಹಾಸಿದ ಬೀದಿಗಳ ಆ ಊರು ಭೂವಿಜ್ಞಾನಿ ಆಡಮ್ ಸೆಜ್‌ವಿಕ್ 1785ರಲ್ಲಿ ಹುಟ್ಟಿದ ಸ್ಥಳ. ಊರಿಗೆ ಇಳಿದು ಮತ್ತೆ ನಿಲ್ದಾಣಕ್ಕೆ ಏರುವುದೇ ಒಂದು ದಿನದ ನಡಿಗೆ. ಕೊನೆಯ ಏರು ಕಡಿದಾಗಿರುವುದರಿಂದ ರೈಲಿನ ಹೊತ್ತಿಗೆ ಅರ್ಧ ಗಂಟೆ ಮುಂಚಿತವಾಗಿಯೇ ತಲುಪುವಂತೆ ಲೆಕ್ಕ ಹಾಕಿಕೊಳ್ಳಬೇಕು.

ರೈತರ ಹೊಲಗದ್ದೆಗಳ ನಡುವೆ ಯಾರು ಬೇಕಾದರೂ ನಡೆದುಹೋಗುವುದು ಹೇಗೆ ಸಾಧ್ಯ ಎಂಬ ಪ್ರಶ್ನೆ ಕರ್ನಾಟಕದ ಓದುಗರಿಗೆ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಉತ್ತರ ಕಾನೂನಿನಲ್ಲಿದೆ. ಬಹುಕಾಲದಿಂದ ಜನ ಬಳಸಿದ ಕಾಲುದಾರಿಯಲ್ಲಿ ನಡೆಯುವ ಹಕ್ಕು ಸಾರ್ವಜನಿಕರದು. ಭೂಮಿ ಯಾರದೇ ಇರಲಿ, ಒಡೆಯ ಅದನ್ನು ಮುಚ್ಚುವಂತಿಲ್ಲ. 1949ರ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಇಂತಹ ದಾರಿಗಳನ್ನೆಲ್ಲ ಗುರುತಿಸಿ ಅಧಿಕೃತ ನಕಾಶೆಯಲ್ಲಿ ದಾಖಲಿಸುವ ಹೊಣೆಯನ್ನು ಸ್ಥಳೀಯ ಆಡಳಿತಗಳಿಗೆ ವಹಿಸಿತು. ಬೆಟ್ಟ, ಬೋರೆ, ಹುಲ್ಲುಗಾವಲುಗಳಲ್ಲಿ ದಾರಿ ಬಿಟ್ಟೂ ಅಡ್ಡಾಡುವ ಹಕ್ಕು 2000ದ ಕಾಯಿದೆಯಿಂದ ದೊರೆಯಿತು. ಇವು ಬಿಟ್ಟಿಯಾಗಿ ಬಂದ ಹಕ್ಕುಗಳಲ್ಲ. 1932ರಲ್ಲಿ ಮ್ಯಾಂಚೆಸ್ಟರ್ ಕಡೆಯ ದುಡಿಯುವ ವರ್ಗದ ಯುವಜನರು ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಗುಂಪಾಗಿ ಅತಿಕ್ರಮ ಪ್ರವೇಶ ಮಾಡಿ, ಅವರಲ್ಲಿ ಐವರು ಜೈಲು ಸೇರಿದ ಪ್ರಸಂಗ ಇದರ ಹಿಂದಿದೆ. ದಾರಿಯುದ್ದಕ್ಕೂ ಹಳದಿ ಬಾಣದ ಗುರುತು, ಕಲ್ಲುಗೋಡೆಗಳನ್ನು ದಾಟಲು ಮಲೆನಾಡಿನ ಬೇಲಿಗಳಲ್ಲಿರುವ ತಡಬೆಯಂಥದೇ ಮೆಟ್ಟಿಲುಗಳು. ನಡೆಯುವವರ ಕರ್ತವ್ಯವೂ ಅಷ್ಟೇ ಸ್ಪಷ್ಟ: ಗೇಟನ್ನು ತಾವು ಕಂಡ ಸ್ಥಿತಿಯಲ್ಲೇ ಬಿಟ್ಟು ಹೋಗಬೇಕು, ಕುರಿಗಳ ನಡುವೆ ನಾಯಿಯನ್ನು ಹಗ್ಗದಲ್ಲಿ ಹಿಡಿದಿರಬೇಕು.

ಸಕಲೇಶಪುರ ಮತ್ತು ಸುಬ್ರಹ್ಮಣ್ಯ ನಡುವಿನ ಘಟ್ಟದಲ್ಲಿ ‘ರೈಲ್ವೆ ಟ್ರೆಕ್’ ಹೆಸರಿನಲ್ಲಿ ಹಳಿಯ ಮೇಲೆಯೇ ನಡೆಯುವ ಚಾಳಿಯೊಂದು ಬೆಂಗಳೂರಿಗರಲ್ಲಿ ಬೆಳೆದಿತ್ತು. ಸುರಂಗದ ನಡುವೆ ರೈಲು ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕಾದ ಅಪಾಯದ ಆಟ ಅದು. 1989ರ ರೈಲ್ವೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಸೆಟ್ಲ್‌ನ ನಡಿಗೆಯನ್ನು ಅದರೊಂದಿಗೆ ಹೋಲಿಸುವಂತಿಲ್ಲ. ಇಲ್ಲಿ ಹಳಿ ಇರುವುದು ರೈಲಿಗೆ, ಕಾಲುದಾರಿ ಇರುವುದು ಮನುಷ್ಯರಿಗೆ.

ಇಷ್ಟೆಲ್ಲ ಸೌಕರ್ಯವಿರುವ ಮಾರ್ಗ ಮುಚ್ಚಿಹೋಗುವುದರಲ್ಲಿತ್ತು ಎಂದರೆ ಇಂದು ನಂಬುವುದು ಕಷ್ಟ. 1960ರ ದಶಕದಲ್ಲಿ ಬ್ರಿಟನ್ನಿನ ಸಾವಿರಾರು ಮೈಲಿ ರೈಲುಮಾರ್ಗವನ್ನು ಕಿತ್ತುಹಾಕಲು ಕಾರಣವಾದ ಬೀಚಿಂಗ್ ವರದಿ ಸೆಟ್ಲ್–ಕಾರ್ಲೈಲ್ ಮಾರ್ಗದ ಪ್ರಯಾಣಿಕರ ಸೇವೆಯನ್ನೂ ನಿಲ್ಲಿಸಲು ಹೇಳಿತ್ತು. ಮಾರ್ಗ ಹೇಗೋ ಉಳಿಯಿತು. ಆದರೆ 1970ರ ಮೇ ತಿಂಗಳಲ್ಲಿ ಸೆಟ್ಲ್ ಮತ್ತು ಆ್ಯಪಲ್‌ಬಿ ಎರಡನ್ನು ಬಿಟ್ಟು ನಡುವಿನ ನಿಲ್ದಾಣಗಳೆಲ್ಲ ಮುಚ್ಚಿದವು. ರೈಲು ಹಾರ್ಟನ್‌ನ ಮೂಲಕವೇ ಹೋಗುತ್ತಿತ್ತು, ಹಾರ್ಟನ್‌ನವರಿಗಾಗಿ ನಿಲ್ಲುತ್ತಿರಲಿಲ್ಲ.

ಆಗ ಮುಂದೆ ಬಂದದ್ದು ಕಾಲ್ನಡಿಗೆಯವರ ಸಂಘಟನೆಯಾದ ರ‍್ಯಾಂಬ್ಲರ್ಸ್. 1974ರಲ್ಲಿ ಅವರು ಇಡೀ ರೈಲೊಂದನ್ನು ಬಾಡಿಗೆಗೆ ಹಿಡಿದು ಮುಚ್ಚಿದ ನಿಲ್ದಾಣಗಳಲ್ಲಿ ನಿಲ್ಲಿಸುವಂತೆ ಮಾಡಿದರು. ಮರುವರ್ಷ ರಾಷ್ಟ್ರೀಯ ಉದ್ಯಾನದ ಆಡಳಿತವೇ ಇದನ್ನು ಕೈಗೆತ್ತಿಕೊಂಡು ‘ಡೇಲ್ಸ್‌ರೈಲ್’ ಹೆಸರಿನಲ್ಲಿ ಆಯ್ದ ವಾರಾಂತ್ಯಗಳಲ್ಲಿ ರೈಲು ಓಡಿಸತೊಡಗಿತು. ಉದ್ಯಾನದ ಅಧಿಕಾರಿಯಾಗಿದ್ದ, ನಡಿಗೆಯ ಪುಸ್ತಕಗಳ ಲೇಖಕ ಕಾಲಿನ್ ಸ್ಪೀಕ್‌ಮನ್ ಇದರ ಹಿಂದಿನ ಮುಖ್ಯ ಶಕ್ತಿ. ಪಟ್ಟಣದವರು ಬೆಟ್ಟಕ್ಕೆ ಬಂದ ರೈಲಿನಲ್ಲೇ ಹಳ್ಳಿಯವರು ಪಟ್ಟಣಕ್ಕೆ ಹೋಗಿಬರುವ ಅನುಕೂಲವೂ ಆಯಿತು. ಮುಚ್ಚಿದ್ದ ಎಂಟು ನಿಲ್ದಾಣಗಳು 1986ರಲ್ಲಿ ಪ್ರತಿದಿನದ ಸೇವೆಗೆ ಮತ್ತೆ ತೆರೆದುಕೊಂಡದ್ದಕ್ಕೆ ಈ ವಾರಾಂತ್ಯದ ರೈಲುಗಳು ಹಾಕಿದ ಪಾಯವೇ ಆಧಾರ.

ವಿಚಿತ್ರವೆಂದರೆ, ನಿಲ್ದಾಣಗಳು ತೆರೆಯುತ್ತಿದ್ದ ಹೊತ್ತಿನಲ್ಲೇ ಇಡೀ ಮಾರ್ಗವನ್ನು ಮುಚ್ಚುವ ಪ್ರಕ್ರಿಯೆಯೂ ನಡೆದಿತ್ತು. ರಿಬ್ಬಲ್‌ಹೆಡ್ ಸೇತುವೆ ಶಿಥಿಲವಾಗಿದೆ, ದುರಸ್ತಿಗೆ ಲಕ್ಷಾಂತರ ಪೌಂಡ್ ಬೇಕು ಎಂಬ ಕಾರಣ ಮುಂದೊಡ್ಡಿ ಬ್ರಿಟಿಷ್ ರೈಲ್ 1983ರ ಕೊನೆಯಲ್ಲಿ ಮುಚ್ಚುವ ಇಂಗಿತ ಪ್ರಕಟಿಸಿತು. ಮುಚ್ಚುವ ಕೆಲಸವನ್ನು ಸುಸೂತ್ರವಾಗಿ ಮುಗಿಸಲೆಂದು ನೇಮಕಗೊಂಡ ಅಧಿಕಾರಿ ರಾನ್ ಕಾಟನ್ ಅಗ್ಗದ ಟಿಕೆಟ್, ಹೆಚ್ಚುವರಿ ರೈಲುಗಳ ಮೂಲಕ ಮಾರ್ಗಕ್ಕೆ ಜೀವ ತುಂಬಿದ್ದು ಈ ಪ್ರಕರಣದ ಸೊಗಸಾದ ತಿರುವು. 1983ರಲ್ಲಿ 93,000 ಇದ್ದ ಪ್ರಯಾಣಿಕರ ಸಂಖ್ಯೆ 1989ರ ಹೊತ್ತಿಗೆ ನಾಲ್ಕೂವರೆ ಲಕ್ಷಕ್ಕೆ ಏರಿತು. ಮುಚ್ಚುವುದಕ್ಕೆ 22,000ಕ್ಕೂ ಹೆಚ್ಚು ಲಿಖಿತ ಆಕ್ಷೇಪಣೆಗಳು ಬಂದವು. ಅವುಗಳಲ್ಲಿ ಒಂದಕ್ಕೆ ಸಹಿಯ ಬದಲು ನಾಯಿಯ ಪಾದದ ಗುರುತಿತ್ತು. ಮಾರ್ಗ ಉಳಿಸಲು 1981ರಲ್ಲಿ ಕಟ್ಟಿದ ಸಂಘದ ಸ್ಥಾಪಕರಲ್ಲೊಬ್ಬರಾದ ಗ್ರಹಾಂ ನಟ್ಟಲ್ ಅವರ ಕುರಿನಾಯಿ ರಸ್ಸಪ್, ಟಿಕೆಟ್ ಕೊಂಡು ಪ್ರಯಾಣಿಸುವ ನಾಯಿಯಾದ್ದರಿಂದ, ಅದರ ಆಕ್ಷೇಪಣೆಯೂ ಊರ್ಜಿತವಾಯಿತು.

1989ರ ಏಪ್ರಿಲ್ 11ರಂದು ಸಾರಿಗೆ ಸಚಿವ ಪಾಲ್ ಚಾನನ್ ಮುಚ್ಚುವ ಪ್ರಸ್ತಾಪವನ್ನು ತಿರಸ್ಕರಿಸಿದರು. ಸೇತುವೆಯ ದುರಸ್ತಿ ಮೊದಲು ಹೇಳಿದ್ದಕ್ಕಿಂತ ಬಹಳ ಕಡಿಮೆ ಹಣದಲ್ಲಿ ಮುಗಿಯಿತು. ಆದರೆ ಗೆಲುವಿನ ಮರುವರ್ಷ, 1990ರ ಜನವರಿಯಲ್ಲಿ, ವೇಲ್ಸ್‌ನ ಬೆಟ್ಟಗಳಿಗೆ ನಡೆಯಲು ಹೋದ ನಟ್ಟಲ್ ಮರಳಲಿಲ್ಲ. ಏಪ್ರಿಲ್‌ನಲ್ಲಿ ಬೆಟ್ಟದ ತೊರೆಯೊಂದರ ಬಳಿ ಅವರ ದೇಹ ಸಿಕ್ಕಾಗ ರಸ್ಸಪ್ ಪಕ್ಕದಲ್ಲೇ ಇತ್ತು. ಚಳಿಗಾಲದ ಹನ್ನೊಂದು ವಾರ, 14 ವರ್ಷದ ಆ ಮುದಿ ನಾಯಿ ಒಡೆಯನನ್ನು ಬಿಟ್ಟು ಕದಲಿರಲಿಲ್ಲ. ಅಂತ್ಯಕ್ರಿಯೆ ನೋಡುವಷ್ಟು ಕಾಲ ಬದುಕಿ, ಬಳಿಕ ಸತ್ತಿತು. ಅದರ ಕಂಚಿನ ಪ್ರತಿಮೆಯನ್ನು 2009ರ ಏಪ್ರಿಲ್ 11ರಂದು, ಮಾರ್ಗ ಉಳಿದ ಇಪ್ಪತ್ತನೇ ವರ್ಷದ ದಿನ, ಗಾರ್ಸ್‌ಡೇಲ್ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಸ್ಥಾಪಿಸಲಾಯಿತು. ರೈಲು ಕಾಯುವವರು ಅದರ ತಲೆ ಸವರದೆ ಹೋಗುವುದು ಕಡಿಮೆ.

ಉಳಿದ ಮಾರ್ಗಕ್ಕೆ ಆಮೇಲೆಯೂ ತೊಡಕುಗಳು ತಪ್ಪಲಿಲ್ಲ. ಕಲ್ಲುಗಣಿಯ ಹಳಿಗೆ ಜಾಗ ಮಾಡಿಕೊಡಲು ರಿಬ್ಬಲ್‌ಹೆಡ್‌ನ ಉತ್ತರದಿಕ್ಕಿನ ಪ್ಲಾಟ್‌ಫಾರ್ಮನ್ನು 1970ರ ದಶಕದಲ್ಲೇ ಕೆಡವಲಾಗಿತ್ತು. ಹಾಗಾಗಿ ನಿಲ್ದಾಣ 1986ರಲ್ಲಿ ತೆರೆದರೂ 1993ರಲ್ಲಿ ಹೊಸ ಪ್ಲಾಟ್‌ಫಾರ್ಮ್ ಬರುವವರೆಗೆ ಸೆಟ್ಲ್ ಕಡೆಯಿಂದ ಬರುವ ರೈಲು ಅಲ್ಲಿ ನಿಲ್ಲುವಂತಿರಲಿಲ್ಲ. ಅಲ್ಲಿಂದ ಸೆಟ್ಲ್ ಕಡೆಗೆ ಹೋಗುವ ರೈಲು ಮಾತ್ರ ನಿಲ್ಲುತ್ತಿತ್ತು. 2016ರ ಆರಂಭದಲ್ಲಿ ಕಾರ್ಲೈಲ್ ಸಮೀಪ ಈಡನ್ ನದಿಯ ಮೇಲಿನ ಇಳಿಜಾರು ಕುಸಿದು ಉತ್ತರದ ಭಾಗದಲ್ಲಿ ಸಂಚಾರ ನಿಂತಿತು. ಪೂರ್ಣ ಮಾರ್ಗ ಮತ್ತೆ ತೆರೆದದ್ದು 2017ರ ಮಾರ್ಚ್ 31ರಂದು.

ಈಗ ಈ ಹಾದಿಯಲ್ಲಿ ಸರಿಸುಮಾರು ಎರಡು ಗಂಟೆಗೊಂದು ರೈಲು, ಭಾನುವಾರ ಇನ್ನೂ ಕಡಿಮೆ. ಡೆಂಟ್‌ನಲ್ಲಿ ಒಂದು ರೈಲು ತಪ್ಪಿದರೆ ಮುಂದಿನದಕ್ಕೆ ಎರಡು ಗಂಟೆ ಕಾಯಬೇಕು. ಸುತ್ತಮುತ್ತ ಚಹಾ ಕುಡಿಯಲೂ ಅಂಗಡಿಯಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಬೆಟ್ಟದ ಮೇಲೆ ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲವಾದ್ದರಿಂದ ಒಂದಕ್ಕೆ 25,000 ಪ್ರಮಾಣದ ಸರ್ವೆ ಇಲಾಖೆಯ ಕಾಗದದ ನಕಾಶೆ ಜೊತೆಗಿರುವುದು ಅಗತ್ಯ. ಪ್ರತಿಯೊಂದು ಕಲ್ಲುಗೋಡೆಯನ್ನೂ ಅದರಲ್ಲಿ ಗುರುತಿಸಲಾಗಿದೆ. ಒಬ್ಬರೇ ಹೊರಡಲು ಅಳುಕುವವರಿಗೆ, ಮಾರ್ಗ ಉಳಿಸಿದ ಸಂಘದ ಸ್ವಯಂಸೇವಕರು ರೈಲಿನ ವೇಳೆಗೆ ಹೊಂದಿಸಿ ನಿಲ್ದಾಣಗಳಿಂದ ನಡಿಗೆಗಳನ್ನು ನಡೆಸಿಕೊಡುತ್ತಾರೆ. ಯಾವ ದಿನ, ಯಾವ ನಿಲ್ದಾಣದಿಂದ ಎಂಬುದನ್ನು ಅವರು ಮುಂಚಿತವಾಗಿಯೇ ಪ್ರಕಟಿಸುತ್ತಾರೆ.